ಖಾಲಿ ಮಹಡಿಯ ಮೀಟರು

ಆಗತಾನೆ ಆರಿಸಿದ ಸೀಮೆಎಣ್ಣೆ ಬುಡ್ಡಿಯ ವಾಸನೆ ಧನಲಕ್ಷ್ಮಿಗೆ ಇವತ್ತಿಗೂ ನೆನಪಿದೆ. ಅಟ್ಟೂರಿನ ಮನೆಗೆ ಕರೆಂಟ್ ಬಂದ ಸಂಜೆ ಅಜ್ಜಿ ಮುನಿಕೆಂಪಮ್ಮ ಬುಡ್ಡಿ ಆರಿಸಿ, ಹೊಗೆಯಾಡುವ ಬತ್ತಿಯನ್ನೇ ನೋಡುತ್ತಾ ಹೇಳಿದ್ದಳು: "ದೀಪ ಅಚ್ಚೋ ಒತ್ನಾಗೆ ಮನೆ ಕತ್ಲಾಗಿರ್ಬಾರ್ದು ಮಗ. ಆಚೆ ಇರೋರು ದಾರಿ ತಪ್ತಾರೆ."

ಹಾಗಾಗಿಯೇ ನಲವತ್ತು ದಾಟಿದ ಧನಲಕ್ಷ್ಮಿ ದಿನವೂ ಸಂಜೆ ಆ ಮನೆಯ ಖಾಲಿ ಮಹಡಿಗೆ ಹತ್ತಿ, ಒಂದು ಬಲ್ಬು ಹಾಕಿ, ಸ್ವಲ್ಪ ಹೊತ್ತು ಕೂತು ಇಳಿಯುತ್ತಿದ್ದಳು.

ಆ ಮಹಡಿಯಲ್ಲಿ ಮೊದಲು ನಂದಕುಮಾರ್ ಬಾಡಿಗೆಗಿದ್ದ. ಯಶವಂತಪುರದಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಅಂಗಡಿ. ಒಂಟಿ ಮನುಷ್ಯ ಎಂದು ಅವಳು ಸಾರಿನ ಡಬ್ಬಿಯನ್ನು ಮೆಟ್ಟಿಲ ಮೇಲಿಡುತ್ತಿದ್ದಳು. ಅವನು ತೊಳೆದ ಡಬ್ಬಿಯನ್ನು ಖಾಲಿ ಇಡುತ್ತಿರಲಿಲ್ಲ. ಒಮ್ಮೆ ನಿಂಬೆಹಣ್ಣು, ಒಮ್ಮೆ ಕಡಲೆಕಾಯಿ. ಒಂದು ದಿನ ಬರೀ ಒಂದು ಸಂಪಿಗೆ. ಅವತ್ತು ಅವಳು ಸಾರಿಗೆ ಉಪ್ಪು ಮರೆತಳು. ಅವನು ಏನೂ ಅನ್ನದೆ ಉಂಡ.

ಆಮೇಲೆ ರಾಜಾನುಕುಂಟೆಯಲ್ಲಿದ್ದ ಅವನ ಅಣ್ಣನಿಗೆ ಲಕ್ವ ಹೊಡೆಯಿತು. "ಮಂಚ ಇಲ್ಲೇ ಇರ್ಲಿ, ಬರ್ತೀನಿ" ಎಂದು ಹೋದವನು ಬರಲಿಲ್ಲ. ಫೋನ್ ಮಾಡೋಣವೆಂದರೆ, ಯಾವ ಸಂಬಂಧ ಹಿಡಿದು ಮಾಡುವುದು?

ಖಾಲಿ ಮಹಡಿಗೂ ಬಿಲ್ಲು ಬರುತ್ತಲೇ ಇತ್ತು. ಉರಿಸಿದ ಯೂನಿಟ್ಟು ಚಿಟಿಕೆಯಷ್ಟು, ಉಳಿದದ್ದೆಲ್ಲ ಫಿಕ್ಸೆಡ್ ಚಾರ್ಜು. ಅದು ಇನ್ನೂ ಏರುತ್ತದೆ ಎಂಬ ಸುದ್ದಿ ಬಂದಾಗ ತಮ್ಮ ಸುನೀಲ್ ರೇಗಿದ. "ಯಾರೂ ಇಲ್ದಿರೋ ಮನೆಗೆ ಯಾಕಕ್ಕಾ ದಂಡ? ಆ ಚಾರ್ಜು ಇಳಿಸ್ಲಿಲ್ಲ ಅಂದ್ರೆ ಮೀಟರ್ ಕೀಳಿಸಿ, ಮಹಡೀನ ಗೋಡೌನ್ ಮಾಡ್ತೀನಿ."

ಅದಕ್ಕೇ ಅವಳು ಯಲಹಂಕದಲ್ಲಿ ನಡೆದ ವಿದ್ಯುತ್ ದರದ ಸಾರ್ವಜನಿಕ ವಿಚಾರಣೆಗೆ ಬಂದಳು. ಮೈಕ್ ಮುಂದೆ ನಿಂತು, ಬಿಲ್ಲಿಗಾಗಿ ಚೀಲದಲ್ಲಿ ತಡಕಾಡಿದಳು. ಪಕ್ಕದ ಕುರ್ಚಿಯಲ್ಲಿದ್ದ ಮೆಹಬೂಬ್ ಬೀ ಎಂಬ ಹೆಂಗಸು ಎದ್ದು ಬಂದು ಅವಳ ಚೀಲ ಹಿಡಿದುಕೊಂಡಳು.

"ಸಾರ್, ಉರಿಸೋದು ಒಂದೇ ಬಲ್ಬು, ಸಂಜೆ ಸ್ವಲ್ಪ ಹೊತ್ತು. ಬೀಗ ಹಾಕಿರೋ ಮನೆಗೆ ಇಷ್ಟು ಚಾರ್ಜ್ ಹಾಕಿದ್ರೆ ಹೇಗೆ?"

ಅಧಿಕಾರಿ ಮೃದುವಾಗಿಯೇ ಹೇಳಿದರು. "ಬರ್ಕೋತೀವಮ್ಮ, ಭರವಸೆ ಕೊಡೋಕಾಗಲ್ಲ. ನೀವು ಉರಿಸಿದ್ರೂ ಬಿಟ್ರೂ ಕಂಬ, ತಂತಿ ನಿಂತಿರ್ಬೇಕಲ್ಲ, ಅದರ ಖರ್ಚದು. ಮೀಟರ್ ಸರೆಂಡರ್ ಮಾಡ್ಬಹುದಲ್ವಾ? ಖಾಲಿ ಮನೇಲಿ ಬಲ್ಬ್ ಯಾಕೆ?"

ಸಭೆ ನಕ್ಕಿತು. ಧನಲಕ್ಷ್ಮಿ ಬಿಲ್ಲು ಮಡಚಿ ಮೈಕ್ ಬಿಟ್ಟಳು. ಮುಖ ಕೆಂಪಾಗಿ ತಿರುಗಿದರೆ, ಕೊನೆಯ ಸಾಲಿನಲ್ಲಿ ನಂದಕುಮಾರ್ ಎದ್ದು ನಿಂತಿದ್ದ. ಅಣ್ಣನ ಮನೆಯ ಬಿಲ್ಲು ಹಿಡಿದು ಅವನೂ ತಕರಾರು ಹೇಳಲು ಬಂದಿದ್ದ. ಗಡ್ಡ ಬೆಳ್ಳಗಾಗಿತ್ತು. ಅವಳನ್ನು ನೋಡಿದೊಡನೆ ತಲೆ ಬಗ್ಗಿಸುವ ಆ ಅಭ್ಯಾಸ ಮಾತ್ರ ಹಾಗೇ ಇತ್ತು.

ಊಟದ ಬಿಡುವಿನಲ್ಲಿ ಹೊರಗಿನ ಹೊಂಗೆ ಮರದ ಕೆಳಗೆ ಅವನೇ ಹತ್ತಿರ ಬಂದ.

"ಯಾವ್ದ್ರೀ ಆ ಬಲ್ಬು?"

"ನೀವೇ ಹಾಕಿದ್ದು. ಹಾಲ್‌ದು."

"ಅದಿನ್ನೂ ಹೋಗಿಲ್ವಾ?"

"ರಿಪೇರಿಯವ್ರು ಹಾಕಿದ್ದಲ್ವಾ, ಹೆದ್ರಿಕೊಂಡು ಉರೀತಿದೆ."

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. "ದೀಪಾವಳಿಗೆ ಮುಂಚೆ ನಾನು ಬಂದಿದ್ದೆ ಧನಾ. ರೋಡಿಂದ ನೋಡ್ದೆ, ಮೇಲೆ ಲೈಟಿತ್ತು. ಬೇರೆಯವ್ರು ಬಾಡಿಗೆಗೆ ಬಂದ್ಬಿಟ್ರು ಅನ್ಕೊಂಡೆ. ನಾನ್ಯಾರು ಕೇಳೋಕೆ ಅಂತ ಹಂಗೇ ಬಸ್ ಹತ್ತಿದೆ."

ಅವಳು ಮರದ ಕಟ್ಟೆಯ ಮೇಲೆ ಕೂತಳು. ದಾರಿ ತಪ್ಪದಿರಲಿ ಎಂದು ಹಚ್ಚಿದ ದೀಪವೇ ಅವನನ್ನು ವಾಪಸ್ ಕಳಿಸಿತ್ತು.

"ಬೆಲ್ ಮಾಡ್ಬಾರ್ದಿತ್ತಾ?" ಎಂದಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡು.

"ಅಲ್ಲಿ ಒಳಗೆ ಬಲ್ಬ್ ಯಾಕೆ ಅಂತ ಅವ್ರು ಕೇಳಿದ್ದಕ್ಕೆ ನೀವೂ ಉತ್ತರ ಕೊಡ್ಲಿಲ್ಲ."

"ಅಷ್ಟು ಜನದ ಮುಂದೆ ನಿಮಗೋಸ್ಕರ ಅಂತ ಹೇಳ್ಬೇಕಿತ್ತಾ?"

ಅವನು ಅವಳನ್ನೇ ನೋಡಿದ, ಈ ಸಲ ತಲೆ ಬಗ್ಗಿಸದೆ. "ಅಣ್ಣನ್ನ ಮಗ್ಗುಲು ತಿರುಗ್ಸೋಕೂ ನಾನೇ ಬೇಕು. ಬರ್ತೀನಿ ಅನ್ನೋಕೆ ಬಾಯಿಲ್ಲ. ಆ ಮನೆಗೆ ನೀವೇ ಬನ್ನಿ ಅಂತ ಕರೆಯೋಕೆ ಧೈರ್ಯವಿಲ್ಲ."

"ಚಾರ್ಜು ಇಳಿಯಲ್ಲ. ಸುನೀಲ ಮೀಟರ್ ಕೀಳಿಸ್ತಾನೆ. ಇನ್ಮೇಲೆ ಅಲ್ಲಿ ಕತ್ಲೆ." ಅವಳ ದನಿ ಕುಗ್ಗಿತು. "ನಿಮ್ಮ ಮಂಚ ಏನ್ ಮಾಡ್ಲಿ?"

"ಇರ್ಲಿ" ಎಂದ.

ಒಳಗಿನಿಂದ ಯಾರೋ ಅವನ ಹೆಸರು ಕೂಗಿದರು. ಹೊರಟವನು ನಿಂತು, ಹೆಗಲ ಚೀಲಕ್ಕೆ ಕೈ ಹಾಕಿದ. ಹೊರಗೆ ಬಂದದ್ದು ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಅವಳ ಅಮ್ಮನ ಹೆಸರು ಕೊರೆದಿತ್ತು. ಅವನು ಹೊರಟುಹೋದ ದಿನ ಅವಳು ಸಾರು ತುಂಬಿ ಮೆಟ್ಟಿಲ ಮೇಲಿಟ್ಟ, ಅವನು ಜೊತೆಗೇ ಒಯ್ದ ಡಬ್ಬಿ. ಈಗ ಒಳಗಿದ್ದದ್ದು ಅವನೇ ಬೆಳಿಗ್ಗೆ ಮಾಡಿದ ಅವರೆಕಾಳು ಸಾರು, ಅನ್ನ. ಇನ್ನೂ ಬೆಚ್ಚಗಿತ್ತು.

ತನ್ನ ಮಧ್ಯಾಹ್ನದ ಊಟವನ್ನು ಅವನು ಅವಳ ಮಡಿಲಲ್ಲಿಟ್ಟ.