ಬೆಳಗಿನ ಕಂಬ

ತಿಪ್ಪೇಶ ಕಣ್ಣು ಮುಚ್ಚಿ, ಕಂಬದ ಮೇಲೆ ಅಂಗೈ ಇಟ್ಟು, "ಎರಡು ಸಾವಿರದ ಇಪ್ಪತ್ತಾರು, ಜನವರಿ ಹನ್ನೊಂದು" ಎಂದ. ಸತ್ತಂತೆ ಬಿದ್ದಿದ್ದ ಹಿರೇಕಟ್ಟೆ ಕೆರೆ ತಟಕ್ಕನೆ ಎದ್ದು ಕೂತಿತು. ಎಡಗಡೆ ಜೊಂಡಿನಲ್ಲಿ ನೀರುಕೋಳಿಯ ಕೂಗು, ಬೆನ್ನ ಹಿಂದೆ ಟಿಟ್ಟಿಭದ್ದು, ತಲೆಯ ಮೇಲೆ ಹೆಬ್ಬಾತುಗಳ ಗದ್ದಲ. ಕಣ್ಣು ಬಿಟ್ಟರೆ ಮಾತ್ರ ಏನೂ ಇಲ್ಲ. ಬಿರುಕು ಬಿಟ್ಟ ಕೆಸರು, ಅದರಾಚೆ ಸೋಲಾರ್ ಹಲಗೆಗಳು.

ಮೂವತ್ತಾರು ವರ್ಷದ ಹಿಂದೆ ಜನ ಇಲ್ಲಿ ನಿಂತು, ಮೊಬೈಲ್ ಆ್ಯಪ್‌ನಲ್ಲಿ ಹಕ್ಕಿಯ ಹೆಸರು, ಸಂಖ್ಯೆ ಬರೆದು, ಕೂಗನ್ನೂ ಹಿಡಿದು ಕಳಿಸುತ್ತಿದ್ದರು. ಆ ಚೂರುಗಳನ್ನೆಲ್ಲ ದಿಕ್ಕು ನೋಡಿ ಹೊಲಿದು, ಅಂದಿನ ಬೆಳಗನ್ನೇ ಎಬ್ಬಿಸಿ ನಿಲ್ಲಿಸುವ ಯಂತ್ರ ಈ ಕಂಬ. ನಡುವೆ ನುಸುಳಿದ ಮನುಷ್ಯರ ಸದ್ದನ್ನು ಕತ್ತರಿಸಿ ಕಸದ ಕಡತಕ್ಕೆ ಎಸೆಯುತ್ತದೆ.

ತಿಪ್ಪೇಶನಿಗೆ ಬೇಕಿದ್ದದ್ದು ಆ ಕಸವೇ. ಹಿರೇಕಟ್ಟೆಯ ಮುಕ್ಕಾಲು ಪಾಲು ಕೂಗು ಹಿಡಿದವಳು ಅವನ ಅಕ್ಕ ವನಜಾಕ್ಷಿ. ಅವಳು ತೀರಿಹೋಗಿ ಇಪ್ಪತ್ತೊಂಬತ್ತು ವರ್ಷ. ಫೋಟೋಗಳಿವೆ, ದನಿ ಒಂದೂ ಇಲ್ಲ. ನಾಳೆ ಕಸವನ್ನೆಲ್ಲ ಅಳಿಸುತ್ತಾರೆಂದು ತಿಳಿದು, ಕಂಬ ಕಟ್ಟಿದ ವಿಜ್ಞಾನಿ ಮೆಹರುನ್ನೀಸಾಗೆ ಹದಿನೇಳು ಸಲ ಫೋನ್ ಮಾಡಿ ಕರೆಸಿದ್ದ.

"ರೆಕಾರ್ಡ್ ಮಾಡುವಾಗ ನಿಮ್ಮಕ್ಕ ಮಾತಾಡ್ತಿದ್ರಾ ಅಂಕಲ್?"

"ಎಲ್ಲಿ ಮೇಡಮ್! ಅವ್ಳು ಫೋನ್ ಎತ್ತಿ ಉಸಿರು ಬಿಗಿ ಹಿಡಿದ್ಲು ಅಂದ್ರೆ ನನ್ ಎಂಟ್ರಿ. ವಿಲನ್ ಥರ. ಆಮೇಲೆ ಬೈಗುಳದ ಮಳೆ."

ಮೆಹರುನ್ನೀಸಾ ಕಸದ ಕಡತ ತೆರೆದಳು. ಇಪ್ಪತ್ತನಾಲ್ಕು ವರ್ಷದ ಹುಡುಗ ತಿಪ್ಪೇಶ ಗುಡುಗಿದ: "ಏಯ್! ಈ ಕೆರೆ ನಂದು, ನೀರು ನಂದು! ಇಲ್ಲಿ ಹೆಬ್ಬಾತು ರೆಕ್ಕೆ ಬಡೀಬೇಕಂದ್ರೂ ನನ್ ಪರ್ಮಿಷನ್ ಬೇಕು!"

ಟಕ್. ರೆಕಾರ್ಡಿಂಗ್ ಮುಗಿಯಿತು.

ಎರಡನೆಯದೂ ಹಾಗೇ. ಮೂರನೆಯದೂ. ಒಟ್ಟು ನಲವತ್ತೊಂದು. ಎಲ್ಲದರಲ್ಲೂ ಅವನದೇ ಡೈಲಾಗು, ಆಮೇಲೆ ಟಕ್.

"ಆಫ್ ಮಾಡಿ ಬೈತಿದ್ಲು, ಚಾಲಾಕಿ," ಎಂದ ತಿಪ್ಪೇಶ. "'ಲೇ, ಬೆಳಗೆಲ್ಲ ಹಾಳ್ ಮಾಡಿದ್ಯಲ್ಲೋ' ಅಂತ. ಆ ಬೈಗುಳ ಆದ್ರೂ ಸಿಗ್ತೈತೆ ಅನ್ಕಂಡಿದ್ದೆ. ಪಿಚ್ಚರ್ ತುಂಬಾ ನಾನೊಬ್ನೇ ಆದ್ನಲ್ಲ ಮೇಡಮ್." ನಗಲು ಹೋದ, ಅರ್ಧಕ್ಕೇ ನಿಂತಿತು.

"ತಡೀರಿ. ಫೋನಿಗೆ ಹತ್ತಿರ ಇದ್ದಿದ್ದು ಅವರೇ ಅಲ್ವಾ?" ಮೆಹರುನ್ನೀಸಾ ಅವನ ದನಿಯನ್ನು ಪೂರ್ತಿ ಇಳಿಸಿ, ತಳದಲ್ಲಿ ಉಳಿದದ್ದನ್ನು ಏರಿಸಿದಳು.

ಮೊದಲು ಗಾಳಿ. ಆಮೇಲೆ ಬಿಗಿಹಿಡಿದ ಒಂದು ಉಸಿರು. ಅದು ಮೂಗಿನಿಂದ ಫುಸಕ್ಕೆಂದು ಜಾರಿತು. ಮತ್ತೆ ಬಿಗಿ. ಮತ್ತೆ ಫುಸಕ್.

"ಇವ್ರಿಗೆ ಕೋಪ ಬಂದಿಲ್ಲ ಅಂಕಲ್. ನಗು ತಡ್ಕೊಳ್ತಿದ್ದಾರೆ. ಬೇಡವಾಗಿದ್ರೆ ಅಳಿಸ್ಬೋದಿತ್ತು. ಒಂದನ್ನೂ ಅಳಿಸಿಲ್ಲ."

ತಿಪ್ಪೇಶ ನಲವತ್ತೊಂದನ್ನೂ ಕೇಳಿದ. ಒಂದರಲ್ಲೂ ಅಕ್ಕನ ಒಂದು ಮಾತಿರಲಿಲ್ಲ.

ಬಿಸಿಲೇರಿತು. ಎಲ್ಲಿಂದಲೋ ಒಂಟಿ ಕಾಗೆಯೊಂದು ಬಂದು ಸೋಲಾರ್ ಹಲಗೆಯ ಮೇಲೆ ಕೂತು ಕೂಗಿತು. ಮೆಹರುನ್ನೀಸಾ ಅಭ್ಯಾಸದಂತೆ ಫೋನ್ ಎತ್ತಿದಳು, ಉಸಿರು ಬಿಗಿ ಹಿಡಿದಳು.

ತಿಪ್ಪೇಶ ಬಾಯಿ ತೆರೆದ. ಡೈಲಾಗು ಬರಲಿಲ್ಲ.

"ಸುಮ್ನೆ ನಿಂತ್ಕಬೇಡ್ರಿ ಮೇಡಮ್," ಎಂದ ಮೆಲ್ಲಗೆ. "ಏನಾದ್ರೂ ಮಾತಾಡ್ರಿ. ಮುಂದೊಂದಿನ ನಿಮ್ಮನ್ನೂ ಯಾರಾದ್ರೂ ಹುಡಿಕ್ಕಂಡ್ ಬರ್ತಾರೆ."

ಫೋನಿನ ಕೆಂಪು ಚುಕ್ಕಿ ಮಿನುಗುತ್ತಲೇ ಇತ್ತು. ಅವಳು ಗಂಟಲು ಸರಿಮಾಡಿಕೊಂಡಳು.

"ನಾನು... ಮೆಹರುನ್ನೀಸಾ."

ಕಾಗೆ ಹಾರಿಹೋಯಿತು.