ಖಾಲಿ ಸಾಲುಗಳ ಸಂವಿಧಾನ

ನೂರಹದಿನೆಂಟು ವರ್ಷಗಳ ನಡಾವಳಿ ಪುಸ್ತಕಗಳನ್ನು ಯಂತ್ರ ಹನ್ನೊಂದು ನಿಮಿಷದಲ್ಲಿ ಓದಿ ಮುಗಿಸಿತು. ಅಷ್ಟನ್ನು ಬರೆಯುವುದಕ್ಕೆ ವಾರಿಜಾ ಕಾಂಚನ್, ಅವರ ತಾಯಿ, ಅಜ್ಜಿ, ಮುತ್ತಜ್ಜಿ, ಹೀಗೆ ನಾಲ್ಕು ತಲೆಮಾರಿನ ಹೆಂಗಸರು ಬೆರಳು ಸವೆಸಿದ್ದರು. ಕೊನೆಯ ಪುಟ ಮಗುಚಿದ ಮೇಲೆ ಯಂತ್ರ ಸಣ್ಣಗೆ ಗುಂಯ್‌ಗುಟ್ಟಿತು.

"ಇಷ್ಟೇಯಾ ಡಾಕ್ಟ್ರೇ?" ಎಂದು ವಾರಿಜಾ ಕೇಳಿದರು.

"ಇಷ್ಟೇ ವಾರಿಜಕ್ಕ. ಇನ್ನು ಸಂವಿಧಾನ ಅಚ್ಚಾಗಿ ಹೊರಗೆ ಬರ್ತದೆ" ಎಂದರು ಆ ಯಂತ್ರವನ್ನು ಕಟ್ಟಿದ ಡಾ. ಲವೀನಾ ಡೇಸಾ.

ತೆಪ್ಪನಾಡಿಗೆ ಅಲ್ಲಿಯತನಕ ಬರೆದ ಸಂವಿಧಾನವೇ ಇರಲಿಲ್ಲ. ಕರಾವಳಿಯ ಊರುಗಳನ್ನು ಕಡಲು ನುಂಗಿದಾಗ, ಅರುವತ್ತೆರಡು ಉಕ್ಕಿನ ತೆಪ್ಪಗಳನ್ನು ಸರಪಳಿಯಲ್ಲಿ ಬಿಗಿದುಕೊಂಡು ನಡುನೀರಿನಲ್ಲಿ ನೆಲೆ ನಿಂತ ಜನಕ್ಕೆ ಕಾನೂನು ಬರೆದುಕೊಂಡು ಕೂರುವ ಪುರುಸೊತ್ತು ಎಲ್ಲಿತ್ತು? ಮೊದಲ ವರ್ಷದ ಬಿರುಗಾಳಿಯಲ್ಲಿ ಧೈರ್ಯವಾಗಿ ನಿಂತ ಒಬ್ಬನನ್ನು ಗುರಿಕಾರ ಎಂದು ಕರೆದರು. ಗಾಳಿ ನಿಂತ ಮೇಲೂ ಹಾಗೆಯೇ ಕರೆದರು, ಅದು ಪದವಿಯಾಯಿತು. ಇಪ್ಪತ್ತನೆಯ ವರ್ಷ ಸಿಹಿನೀರಿಗೆ ತತ್ವಾರವಾದಾಗ ತೆಪ್ಪಕ್ಕಿಷ್ಟು ಎಂದು ಹಂಚುವುದನ್ನು ಬಿಟ್ಟು ತಲೆಗಿಷ್ಟು ಎಂದು ಹಂಚಿದರು. ಮರುವರ್ಷವೂ ಹಾಗೆಯೇ ಮಾಡಿದರು, ಅದು ಸಮಾನತೆಯಾಯಿತು. ಹೀಗೆ ಕಂಡಕಂಡಂತೆ ಬೆಳೆದ ವಾಡಿಕೆಗಳಲ್ಲೇ ನಾಡು ನಡೆಯುತ್ತಿತ್ತು, ಚೆನ್ನಾಗಿಯೇ ನಡೆಯುತ್ತಿತ್ತು.

ಈಗಿನ ಗುರಿಕಾರ ಅಚ್ಯುತ ಪುತ್ರನ್ ಅವರಿಗೆ ಮಾತ್ರ ಅದು ಸಾಲದೆ ಹೋಯಿತು. ಅವರ ಅಪ್ಪಣೆಯಂತೆ ಡಾ. ಲವೀನಾ ಈ 'ವಾಡಿಕೆಶೋಧಕ'ವನ್ನು ಸಿದ್ಧಪಡಿಸಿದ್ದರು. ಸಭೆಯಲ್ಲಿ ಏನು ನಡೆಯಿತು, ಎಷ್ಟು ಸಲ ನಡೆಯಿತು, ಯಾರಾದರೂ ತಕರಾರು ತೆಗೆದರೇ ಎಂಬುದನ್ನು ಅದು ಅಳೆದು, ಪ್ರತಿಯೊಂದು ವಾಡಿಕೆಗೂ ನೂರರೊಳಗಿನ ಒಂದು 'ಸಮ್ಮತಿ ಸೂಚ್ಯಂಕ' ಕೊಡುತ್ತಿತ್ತು. ತೊಂಬತ್ತು ದಾಟಿದ್ದು ವಿಧಿ, ದಾಟದ್ದು ಕಸ.

ಮೊದಲ ಹಾಳೆ ಹೊರಗೆ ಬಂತು. ವಾರಿಜಾ ಕನ್ನಡಕ ಏರಿಸಿ ಓದಿದರು. 'ವಿಧಿ ಒಂದು: ಗುರಿಕಾರರ ಮಾತೇ ಅಂತಿಮ. ಸೂಚ್ಯಂಕ: ನೂರು. ಇದುವರೆಗೆ ಒಂದು ಆಕ್ಷೇಪವೂ ದಾಖಲಾಗಿಲ್ಲ.'

ಅವರಿಗೆ ಮೊದಲು ನಗು ಬಂತು, ಆಮೇಲೆ ನಾಳೆಯ ಸಭೆ ನೆನಪಾಯಿತು. ತೆಪ್ಪ ಹದಿನೇಳನ್ನು ಕಳಚಿ, ಕರಗಿಸಿ, ಆ ಉಕ್ಕಿನಿಂದ ಹೊಸ ಬಂದರು ಕಟ್ಟಬೇಕೆಂದು ಗುರಿಕಾರರು ಮರುದಿನದ ಸಭೆಗೆ ವಿಷಯ ಇಟ್ಟಿದ್ದರು. ಅಲ್ಲಿನ ನಲವತ್ತೊಂದು ಮನೆಗಳನ್ನು ಒಂದೊಂದಾಗಿ ಬೇರೆ ತೆಪ್ಪಗಳಿಗೆ ಹಂಚಿಬಿಡುವುದೆಂದು ಅದರಲ್ಲಿತ್ತು. ಆ ನಲವತ್ತೊಂದರಲ್ಲಿ ಒಂದು ವಾರಿಜಾ ಅವರದು.

"ಡಾಕ್ಟ್ರೇ, ನಿಮ್ಮ ಯಂತ್ರ ಸುಳ್ಳು ಹೇಳ್ತಾ ಉಂಟು" ಎಂದರು.

"ಅದು ನೀವು ಬರೆದದ್ದನ್ನೇ ಓದಿದ್ದು ವಾರಿಜಕ್ಕ. ಬೇಡ ಅಂತ ಯಾರಾದ್ರೂ ಹೇಳಿದ್ರೆ ಅದು ಎಲ್ಲುಂಟು, ತೋರಿಸಿ."

ಎಲ್ಲಿ ತೋರಿಸುವುದು? ಸಭೆಯಲ್ಲಿ ಯಾರಾದರೂ ಎದ್ದು 'ಬೇಡ' ಎಂದ ತಕ್ಷಣ ಬರೆಯುವವಳು ಪೆನ್ನು ಕೆಳಗಿಡಬೇಕು. ತೆಪ್ಪನಾಡಿನ ಮರ್ಯಾದೆ ಅದು. ನೆಲದ ಮೇಲಾದರೆ ಜಗಳವಾಡಿದವರು ಊರು ಬಿಟ್ಟು ಹೋಗಬಹುದು, ಇಲ್ಲಿ ಹೋಗುವುದೆಲ್ಲಿಗೆ? ಇವತ್ತು ಕೈ ತೋರಿಸಿ ಬೈದವನೂ ಬೈಸಿಕೊಂಡವನೂ ನಾಳೆ ಒಂದೇ ಬಲೆ ಎಳೆಯಬೇಕು. ಸಿಟ್ಟಿನ ಮಾತು ಪುಸ್ತಕದಲ್ಲಿ ಕೂತರೆ ಮೊಮ್ಮಕ್ಕಳು ಅದನ್ನು ಓದಿ ಮತ್ತೆ ಹೊಡೆದಾಡುತ್ತಾರೆ ಎಂದು ಮುತ್ತಜ್ಜಿ ಈ ಪದ್ಧತಿ ತಂದಿದ್ದರು. ಜಗಳ ಮುಗಿಯುತ್ತಿತ್ತು, ಗುರಿಕಾರರು ತಮ್ಮ ಮಾತನ್ನು ಬದಲಿಸುತ್ತಿದ್ದರು. ಬರೆಯುವವಳು ಒಂದು ಸಾಲು ಖಾಲಿ ಬಿಟ್ಟು, ಬದಲಾದ ತೀರ್ಮಾನವನ್ನಷ್ಟೇ ಬರೆಯುತ್ತಿದ್ದಳು.

ಇದನ್ನೆಲ್ಲ ವಿವರಿಸಿ ವಾರಿಜಾ ಕೇಳಿದರು: "ಖಾಲಿ ಸಾಲು ಕಂಡ್ರೆ ಯಂತ್ರ ಎಂತ ಮಾಡ್ತದೆ?"

"ದಾಟಿ ಹೋಗ್ತದೆ" ಎಂದ ಲವೀನಾ ಅವರ ಮುಖ ಸಣ್ಣದಾಯಿತು. "ನಂಗೆ ಇದು ಗೊತ್ತೇ ಇರ್ಲಿಲ್ಲ."

"ಸಭೆಯಲ್ಲಿ ಒಂದು ದಿನ ಕೂತಿದ್ರೆ ಗೊತ್ತಾಗ್ತಿತ್ತು."

ಲವೀನಾ ಯಂತ್ರಕ್ಕೆ ಹೊಸ ಸೂಚನೆ ಕೊಟ್ಟು ಪುಸ್ತಕಗಳನ್ನು ಮತ್ತೆ ಓದಿಸಿದರು. ಎರಡು ಸಾವಿರದ ಮುನ್ನೂರ ಆರು ಖಾಲಿ ಸಾಲುಗಳು ಸಿಕ್ಕಿದವು. ಆದರೆ 'ಬೇಡ' ಎನ್ನುವ ಹಕ್ಕಿನ ಸೂಚ್ಯಂಕ ಸೊನ್ನೆಯಲ್ಲೇ ನಿಂತಿತು, ವಿಧಿ ಒಂದರದು ನೂರರಲ್ಲೇ.

"ಏನೋ ನಡೆದಿದೆ ಅಂತ ಅದಕ್ಕೆ ಅರ್ಥ ಆಗಿದೆ" ಎಂದರು ಲವೀನಾ. "ಏನು ಅಂತ ತಿಳೀಲಿಕ್ಕೆ ಬರಹದಲ್ಲಿ ಒಂದಾದ್ರೂ ನಿದರ್ಶನ ಬೇಕು. ಒಬ್ರು ಬೇಡ ಅಂದದ್ದು, ಅಂದ ಕೂಡ್ಲೆ ಕೆಲಸ ನಿಂತದ್ದು, ಎರಡೂ ಇರ್ಬೇಕು. ಮತ್ತೆ ಆ ಹಕ್ಕನ್ನು ಗುರಿಕಾರರು ಒಪ್ಪಿರ್ಬೇಕು, ಇಲ್ಲಾ ತಾವೇ ಬಳಸಿರ್ಬೇಕು. ಅಂಥದ್ದು ಒಂದು ಸಿಕ್ಕಿದ್ರೆ ಉಳಿದ ಖಾಲಿ ಸಾಲನ್ನೆಲ್ಲ ಅದು ಅದೇ ಲೆಕ್ಕಕ್ಕೆ ಸೇರಿಸ್ತದೆ."

"ನಂಗೆ ನೆನಪುಂಟಲ್ಲ. ಯಾರು ಯಾವಾಗ ಎದ್ದು ನಿಂತದ್ದು ಅಂತ ಸಾವಿರ ಹೇಳ್ತೇನೆ."

"ನೆನಪನ್ನು ಅದು ಓದುದಿಲ್ಲ ವಾರಿಜಕ್ಕ."

ವಾರಿಜಾ ಅವರಿಗೆ ಮೈಯೆಲ್ಲ ಉರಿಯಿತು. ಯಂತ್ರದ ಮೇಲೆ, ಗುರಿಕಾರರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಮೇಲೆಯೇ ಸಿಟ್ಟು ಬಂತು. ನಾಲ್ಕು ತಲೆಮಾರು ಒಬ್ಬರ ಮುಖ ಇನ್ನೊಬ್ಬರೆದುರು ಬಾಡಬಾರದೆಂದು ಪೆನ್ನು ಕೆಳಗಿಟ್ಟದ್ದೇ ಈಗ ನಲವತ್ತೊಂದು ಮನೆಗಳ ಕುತ್ತಿಗೆಗೆ ಬಂದಿತ್ತು.

ಮರುದಿನ ಬೆಳಿಗ್ಗೆ ಸಭೆ ಸೇರಿತು. ಯಂತ್ರವನ್ನು ಗುರಿಕಾರರ ಪಕ್ಕದಲ್ಲೇ, ಹೊಸ ಮದುಮಗನಂತೆ ಕೂರಿಸಿದ್ದರು. ಬಾಗಿಲ ಹತ್ತಿರ ಸರಪಳಿ ಕಳಚುವ ಕೆಲಸಗಾರರು ಸಲಕರಣೆ ಹಿಡಿದು ಕಾಯುತ್ತಿದ್ದರು. ಅಚ್ಯುತ ಪುತ್ರನ್ ವಿಧಿ ಒಂದನ್ನು ಓದಿ, ಅದರ ಬಲದ ಮೇಲೆ ತೆಪ್ಪ ಹದಿನೇಳನ್ನು ಕಳಚುವ ಅಪ್ಪಣೆಯನ್ನೂ ಓದಿದರು.

"ಬೇಡ" ಎಂಬ ಮಾತು ಬಂತು.

ಜನ ಸುತ್ತ ನೋಡಿದರು. ಮಾತಾಡಿದ್ದು ಬರೆಯುವ ಮೇಜಿನಲ್ಲಿ ಕೂತಿದ್ದ ವಾರಿಜಾ. ಆ ಮೇಜಿನಿಂದ ಮಾತು ಬಂದದ್ದನ್ನು ಯಾರೂ ಕೇಳಿದ್ದಿಲ್ಲ. ಅವರು ಪೆನ್ನನ್ನೂ ಕೆಳಗಿಡಲಿಲ್ಲ. 'ವಾರಿಜಾ ಕಾಂಚನ್, ತೆಪ್ಪ ಹದಿನೇಳು, ಬೇಡ ಎಂದರು' ಎಂದು ಎಲ್ಲರೂ ನೋಡುತ್ತಿದ್ದಂತೆ ದುಂಡಗೆ ಬರೆದರು. ಸಭೆಯಲ್ಲಿ ಗುಸುಗುಸು ಎದ್ದಿತು.

ಗುರಿಕಾರರು ನಕ್ಕರು. "ಬರೀರಿ ವಾರಿಜಕ್ಕ, ಧಾರಾಳವಾಗಿ ಬರೀರಿ. ವಿಧಿ ಒಂದರ ಉಲ್ಲಂಘನೆ ಅಂತ ಯಂತ್ರ ಸೇರಿಸಿಕೊಳ್ತದೆ. ಕೆಲಸ ನಿಲ್ಲುದಿಲ್ಲ."

"ಹಾಗಾದ್ರೆ ಇನ್ನೊಂದೂ ಬರೀತೇನೆ" ಎಂದು ವಾರಿಜಾ ಕೆಳಗಿನಿಂದ ಹಳೆಯ ಪುಸ್ತಕವೊಂದನ್ನು ಎತ್ತಿ ಮೇಜಿನ ಮೇಲಿಟ್ಟರು. "ಇಪ್ಪತ್ತೊಂಬತ್ತು ವರ್ಷದ ಹಿಂದೆ ತೆಪ್ಪ ಒಂಬತ್ತನ್ನು ಕಳಚುದು ಅಂತ ಅಪ್ಪಣೆ ಆಗಿತ್ತು. ಒಬ್ಬ ಹುಡುಗ ಎದ್ದು ಬೇಡ ಅಂದ. ಅವನ ಮನೆ ಆ ತೆಪ್ಪದಲ್ಲೇ ಇತ್ತು. ನಾನು ಆಗಷ್ಟೇ ಈ ಮೇಜಿಗೆ ಬಂದವಳು, ಪೆನ್ನು ಕೆಳಗಿಟ್ಟೆ. ತೆಪ್ಪ ಒಂಬತ್ತು ಇವತ್ತಿಗೂ ಉಂಟು, ಅವನ ಅಮ್ಮ ಇವತ್ತಿಗೂ ಅಲ್ಲೇ ಇದ್ದಾರೆ. ಅವನ ಹೆಸರನ್ನು ಈ ಖಾಲಿ ಸಾಲಿನಲ್ಲಿ ಈಗ ಬರೀತೇನೆ. ಅಚ್ಯುತ ಪುತ್ರನ್."

ಗುರಿಕಾರರ ನಗು ಹಾರಿಹೋಯಿತು. ಪೆನ್ನಿನ ಮೊನೆ ಹಳದಿ ಕಾಗದದ ಹತ್ತಿರ ಬಂದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಬೇಡ ವಾರಿಜಕ್ಕ. ಅದನ್ನು ಬರೀಬೇಡಿ."

ವಾರಿಜಾ ಕೈ ತಡೆದರು. ಗುರಿಕಾರರೇ ಬೇಡ ಎನ್ನುತ್ತಾರೆಂದು ಅವರು ಯೋಚಿಸಿಕೊಂಡು ಬಂದಿರಲಿಲ್ಲ. ಆ ಮನುಷ್ಯನ ಹೆಸರು ಬರೆದು ಮುಖಕ್ಕೆ ಹಿಡಿಯಬೇಕೆಂದಷ್ಟೇ ಬಂದಿದ್ದರು. ಹಳೆಯ ಪುಸ್ತಕವನ್ನು ಮುಚ್ಚಿ ಪಕ್ಕಕ್ಕೆ ಸರಿಸಿದರು. ಆಮೇಲೆ ಇವತ್ತಿನ ಪುಟವನ್ನು ಎಳೆದುಕೊಂಡು, ಸಭೆಗೆ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಾ ಬರೆದರು:

"'ಹಳೆಯ ಸಾಲನ್ನು ತುಂಬುತ್ತೇನೆ ಎಂದು ಬರೆಯುವವಳು ಹೇಳಿದಳು. ತನ್ನ ಹೆಸರಿನ ವಿಷಯವಾದ್ದರಿಂದ ಗುರಿಕಾರ ಅಚ್ಯುತ ಪುತ್ರನ್ ಎದ್ದು ಬೇಡ ಎಂದರು. ಬೇಡ ಎಂದ ಕೂಡಲೇ ಕೆಲಸ ನಿಂತಿತು.'"

ಡಾ. ಲವೀನಾ ಯಾರ ಅಪ್ಪಣೆಗೂ ಕಾಯಲಿಲ್ಲ. ಮೇಜಿನ ಬಳಿಗೆ ನಡೆದು ಬಂದು, ಶಾಯಿ ಆರುವ ಮೊದಲೇ ಪುಸ್ತಕ ಎತ್ತಿಕೊಂಡು ಹೋಗಿ ಯಂತ್ರದ ಕೆಳಗೆ ಹಿಡಿದರು. ಒಂದು ಹಾಳೆ ಹೊರಬಿತ್ತು. ಅವರೇ ಓದಿದರು.

"'ವಿಧಿ ಒಂದು ರದ್ದಾಗಿದೆ. ಹೊಸ ವಿಧಿ ಒಂದು: ಯಾರಿಗೆ ಸಂಬಂಧಪಟ್ಟ ಕೆಲಸವೋ ಅವರು ಬೇಡ ಎಂದರೆ ಕೆಲಸ ನಿಲ್ಲತಕ್ಕದ್ದು. ನಿದರ್ಶನಗಳು: ಎರಡು ಸಾವಿರದ ಮುನ್ನೂರ ಏಳು. ಲಿಖಿತ ಆಧಾರ: ಗುರಿಕಾರ ಅಚ್ಯುತ ಪುತ್ರನ್.'"

ಹಿಂದಿನ ಬೆಂಚಿನಲ್ಲಿ ತೆಪ್ಪ ಹದಿನೇಳರವರು ಎದ್ದು ನಿಂತರು. ಒಬ್ಬೊಬ್ಬರಾಗಿ ಮೇಜಿನ ಮುಂದೆ ಸಾಲುಗಟ್ಟಿ, ಹೆಸರು ಹೇಳಿ, ಬೇಡ ಎಂದು ಬರೆಸತೊಡಗಿದರು. ಅವರ ಹಿಂದೆ ಬೇರೆ ತೆಪ್ಪಗಳವರೂ ಬಂದು ನಿಂತರು. ತಮಗೆ ಸಂಬಂಧವಿಲ್ಲ ಎಂದು ಅವರಿಗೆ ಅನ್ನಿಸಿರಲಿಲ್ಲ.

ಬಾಗಿಲಲ್ಲಿದ್ದ ಕೆಲಸಗಾರರಲ್ಲಿ ಹಿರಿಯನೊಬ್ಬ ಕೇಳಿದ: "ಗುರಿಕಾರ್ರೇ, ನಾವು ಎಂತ ಮಾಡುದು ಈಗ?"

ಅಚ್ಯುತ ಪುತ್ರನ್ ಏನೋ ಹೇಳಲು ಬಾಯಿ ತೆರೆದರು. ವಾರಿಜಾ ಪೆನ್ನು ಎತ್ತಿ ಹಿಡಿದು, ಅವರ ಮುಖವನ್ನೇ ನೋಡುತ್ತಾ, ಬರೆದುಕೊಳ್ಳಲು ಕಾದರು.

ಗುರಿಕಾರರು ಬಾಯಿ ಮುಚ್ಚಿಕೊಂಡು ಕೂತರು.