ಕರ್ಪೂರ ಹಚ್ಚಬಾರದ ನೆಲ

ಪರಶುರಾಮನನ್ನು ಕರೆತರದೆ ನೌಕೆ ಹೊರಡುವುದಿಲ್ಲ ಎಂದು ನಾಯಕಿ ಹೇಮಶ್ರೀ ಹೇಳಿಬಿಟ್ಟಳು. ಅವನು ಕಣಿವೆಯಾಚೆ ಕಾಲು ಮುರಿದುಕೊಂಡು ಬಿದ್ದಿದ್ದ. ಮಳೆಯಿಲ್ಲದ ಗುಡುಗು ಶುರುವಾಗಿತ್ತು. ಆ ಗ್ರಹದ ಗಾಳಿಯಲ್ಲಿ ಆಮ್ಲಜನಕ ವಿಪರೀತ. ಸಿಡಿಲು ಬಿದ್ದರೆ ಹಸಿ ಮರವೂ ಹೊತ್ತಿಕೊಳ್ಳುತ್ತದೆ.

ಬಿದ್ದದ್ದಾದರೂ ಹೇಗೆ? ಹೊಸ ಬಂಡಿ ಓಡಿಸುವ ಮೊದಲು ಅದರ ಮುಂದೆ ಕರ್ಪೂರ ಹಚ್ಚಿದ್ದನಂತೆ, ಪುಣ್ಯಾತ್ಮ! ಭದ್ರಾವತಿಯಲ್ಲಿ ಪೂಜೆಯಿಲ್ಲದೆ ಹೊಸ ಗಾಡಿ ಹೊರಡುವುದಿಲ್ಲ, ನಿಜ. ಇಲ್ಲಿ ಆ ಪುಟ್ಟ ಬಿಲ್ಲೆ ಆಳೆತ್ತರ ಎದ್ದು ಬಂಡಿಯನ್ನೇ ನುಂಗಿತು. ಓಡುವಾಗ ಬಂಡೆಯಿಂದ ಜಾರಿದ. ಇಷ್ಟನ್ನು ವೈರ್‌ಲೆಸ್‌ನಲ್ಲಿ ನೌಕೆಯಲ್ಲಿದ್ದ ತಮ್ಮ ಧರ್ಮೇಂದ್ರನಿಗೆ ಹೇಳಿ, "ಅಮ್ಮಂಗೆ ಮಾತ್ರ ಹೇಳ್ಬೇಡ" ಎಂದಿದ್ದ.

ಧರ್ಮೇಂದ್ರ ಸ್ಟ್ರೆಚರಿನ ಕಬ್ಬಿಣದ ಚಕ್ರಗಳನ್ನು ಕಳಚಿ ಎಸೆದ. "ಕಲ್ಲಿಗೆ ತಾಗಿ ಒಂದು ಕಿಡಿ ಹಾರಿದ್ರೆ ಕತೆ ಮುಗೀತು, ಮೇಡಂ. ಹೊತ್ಕೊಂಡೇ ಬರೋಣ."

ಇಬ್ಬರೂ ಹೊರಟರು. ಎಷ್ಟು ನಡೆದರೂ ದಣಿವಿಲ್ಲ. ಮೊರದಗಲ ರೆಕ್ಕೆಯ ಕೀಟಗಳು ತಲೆಯ ಮೇಲೆ ಗುಂಯ್‌ಗುಡುತ್ತಿದ್ದವು. ಮರಗಳ ತೊಗಟೆ ದಪ್ಪಗೆ, ನೀರು ತುಂಬಿ ಮೆತ್ತಗಿತ್ತು. ಕೊಂಬೆಗಳಲ್ಲಿ ಕಲ್ಲಿನಷ್ಟು ಗಟ್ಟಿಯಾದ ಕಾಯಿಗಳು. ಹೇಮಶ್ರೀ ಒಂದನ್ನು ಒಡೆಯಲು ನೋಡಿ ಸೋತಳು. ಇಷ್ಟು ಬಿಗಿಯಾಗಿ ಮುಚ್ಚಿಕೊಂಡ ಬೀಜ ಯಾವುದಕ್ಕೆ ಕಾಯುತ್ತಿದೆ ಎಂಬ ಯೋಚನೆ ಅವಳನ್ನು ಬಿಡಲಿಲ್ಲ.

ಪರಶುರಾಮ ತೊರೆಯ ದಂಡೆಯಲ್ಲಿ ಸಿಕ್ಕ.

"ಆಕ್ಸಿಜನ್ ಸಿಲಿಂಡರ್ ವಾಲ್ವಿಗೆ ಎಣ್ಣೆಗೈ ತಾಗಿಸಿದ್ರೆ ಹೊತ್ಕೊಳ್ಳತ್ತೆ ಅಂತ ನಂಗೆ ಹೊಡೆದೋನು ನೀನು! ಬುದ್ಧಿ ಎಲ್ಲಿಟ್ಟಿದ್ದೆ, ಮಾರಾಯ?" ಧರ್ಮೇಂದ್ರ ಬೈಯುತ್ತಲೇ ಅಣ್ಣನ ಪಕ್ಕ ಕುಳಿತ.

"ಕೈ ತಾನಾಗೇ ಹೋಯ್ತು ಕಣೋ. ಅಭ್ಯಾಸ."

ಅಷ್ಟರಲ್ಲಿ ದಿಬ್ಬದ ಮೇಲೆ ಸಿಡಿಲು ಬಿತ್ತು.

ಕಾಡು ಭಗ್ ಎಂದಿತು.

"ನೀರಿಗಿಳೀರಿ!" ಹೇಮಶ್ರೀ ಕೂಗಿದಳು.

ಇಬ್ಬರೂ ಪರಶುರಾಮನನ್ನು ಎಳೆದು ತೊರೆಗಿಳಿಸಿದರು. ಸ್ಟ್ರೆಚರಿನ ಬಟ್ಟೆ ನೆನೆಸಿ ಮುಖದ ಮೇಲೆ ಎಳೆದುಕೊಂಡರು. ಬೆಂಕಿ ತೊರೆಯ ಮೇಲೆಯೇ ಹಾರಿತು. ಅಣ್ಣನ ಅಂಗಿಯನ್ನು ಧರ್ಮೇಂದ್ರ ಹಿಡಿದೇ ಇದ್ದ.

ಬಂದಷ್ಟೇ ಬೇಗ ಬೆಂಕಿ ದಾಟಿ ಹೋಯಿತು. ಅಬ್ಬಾ! ಮೂವರಿಗೂ ಉಸಿರಿತ್ತು. ಸುತ್ತ ಬೂದಿಯಲ್ಲಿ ಚಟಪಟ ಸದ್ದು. ಆ ಕಾಯಿಗಳು ಒಂದೊಂದಾಗಿ ಬಾಯಿ ಬಿಡುತ್ತಿದ್ದವು.

"ನಮಗೆ ಮುಂಗಾರು ಹೇಗೋ, ಇವಕ್ಕೆ ಬೆಂಕಿ ಹಾಗೆ," ಎಂದಳು ಹೇಮಶ್ರೀ.

"ಒಂದು ತಗೊಳ್ಳಿ, ಮೇಡಂ," ಎಂದ ಧರ್ಮೇಂದ್ರ.

"ಬೇಡಪ್ಪ. ನಮ್ಮೂರಲ್ಲಿ ಇದು ಬೆಂಕಿಗೆ ಕಾದು ಕಾದು ಸಾಯತ್ತೆ."

ಬಿಸಿ ಬೂದಿ ತುಳಿಯುತ್ತ, ಬೊಬ್ಬೆಯೆದ್ದ ಕಾಲಲ್ಲೇ ಪರಶುರಾಮನನ್ನು ನೌಕೆಗೆ ಹೊತ್ತು ತಂದರು.

ಭೂಮಿಗೆ ಬಂದು, ಸೋಗಾನೆ ವಿಮಾನ ನಿಲ್ದಾಣದಲ್ಲಿ ಇಳಿದರು. ಹೇಮಶ್ರೀ ವಿನೋಬನಗರದ ತನ್ನ ಮನೆಗೂ ಹೋಗದೆ ಅಣ್ಣತಮ್ಮಂದಿರ ಜೊತೆ ಭದ್ರಾವತಿಗೇ ಬಂದಳು. ತಾಯಿ ಚಿನ್ನಮ್ಮ ಬಾಗಿಲಲ್ಲೇ ನಿಲ್ಲಿಸಿ ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ಪರಶುರಾಮ ಊರುಗೋಲು ಊರಿ ಹಿಂದೆ ಸರಿದ.

"ಆರತಿಗೆ ಹೆದರ್ತೀಯಲ್ಲೋ! ಏನಾಗಿದೆ ಇವನಿಗೆ?"

"ಅಮ್ಮ, ಅಣ್ಣ ಅಲ್ಲೂ ಒಂದು ಪೂಜೆ..." ಎಂದು ಧರ್ಮೇಂದ್ರ ಬಾಯಿ ತೆರೆಯುವಷ್ಟರಲ್ಲಿ ಪಕ್ಕೆಗೆ ಅಣ್ಣನ ಮೊಣಕೈ ತಿವಿತ ಬಿತ್ತು.

ಜ್ವಾಲೆ ಬೆರಳುದ್ದ ಎದ್ದು, ಅಷ್ಟರಲ್ಲೇ ನಿಂತಿತು. ಪರಶುರಾಮ ಅದನ್ನೇ ನೋಡಿದ. ಬೆಂಕಿಯನ್ನು ಹತೋಟಿಯಲ್ಲಿಡುವ ಈ ಗಾಳಿಯನ್ನು ಹುಟ್ಟಿದಾಗಿನಿಂದ ಉಸಿರಾಡಿದ್ದರೂ ಒಮ್ಮೆಯೂ ಅದಕ್ಕೆ ಕೈಮುಗಿದಿರಲಿಲ್ಲ. ತಮ್ಮನಿಗೆ ಊರುಗೋಲು ಕೊಟ್ಟು, ಅವನ ಹೆಗಲಿಗೆ ಒರಗಿ, ಎರಡೂ ಕೈಗಳಿಂದ ಆರತಿ ತೆಗೆದುಕೊಂಡ. ಬಿಸಿ ಹಿತವಾಗಿತ್ತು.